ಯಾರೂ ನೋಡಬಾರದ ಕೋಲು

ಸಾಕ್ಷಿ ಇಲ್ಲದೆ ಕಂಪನಿ ಮೆಟ್ಟಿಲು ಹತ್ತಬೇಡ ಎಂದು ಪಕ್ಕದ ಮನೆಯ ಮೇಷ್ಟ್ರು ಹೇಳದೇ ಹೋಗಿದ್ದರೆ ಗಡಿಯಾರ ರಿಪೇರಿಯವನ ಆ ದಿನ ಅಷ್ಟು ಕೆಡುತ್ತಿರಲಿಲ್ಲ.

ಅವನು ಬಟ್ಟೆ ಒಣಹಾಕುವ ಹಗ್ಗವೊಂದನ್ನು ಕಂಡುಹಿಡಿದಿದ್ದ. ಮಳೆ ಬಿದ್ದರೆ ಅದಕ್ಕೆ ಸಿಕ್ಕಿಸಿದ ಉಪ್ಪಿನ ಹರಳು ಕರಗಿ, ಸ್ಪ್ರಿಂಗ್ ಬಿಚ್ಚಿಕೊಂಡು, ಬಟ್ಟೆಯೆಲ್ಲ ತಾನಾಗಿ ಸೂರಿನಡಿಗೆ ಸರಿಯುತ್ತಿತ್ತು. ಕೇಳಿದವರಿಗೆಲ್ಲ ಒಂದೊಂದು ಮಾಡಿಕೊಟ್ಟಿದ್ದ. "ನನ್ನ ಮಗಳ ಗಂಡನಿಗೆ ಬುದ್ಧಿ ಇಲ್ಲ ಅಂತಲ್ಲ, ಇದ್ದದ್ದನ್ನೆಲ್ಲ ಬೀದಿಗೆ ಹಂಚಿಬಿಟ್ಟಿದಾನೆ" ಎನ್ನುತ್ತಿದ್ದರು ಅತ್ತೆ. ಈಗ ಮನೆಬಳಕೆ ಸಾಮಾನಿನ ಕಂಪನಿಯೊಂದು ಅವನನ್ನು ಕರೆದಿತ್ತು. ಅವರು ಅವನಿಂದ ಲೈಸೆನ್ಸ್ ಪಡೆದು ಹಗ್ಗ ತಯಾರಿಸಿದರೆ ಡಬ್ಬಿಯ ಮೇಲೆ ಅವನ ಹೆಸರು ಇರುತ್ತದೆ. ಆ ಡಬ್ಬಿಯನ್ನು ಅತ್ತೆಯ ಕೈಗಿಡಬೇಕು, ಅಷ್ಟೇ ಅವನ ಆಸೆ.

ಮೇಷ್ಟ್ರು ತಾವೇ ಸಾಕ್ಷಿಯಾಗಿ ಹೊರಟರು. ಎದುರುಮನೆ ಟೈಲರಮ್ಮನೂ ಜೊತೆಯಾದಳು. ಬಸ್ಸಿನಲ್ಲಿ ಅವಳು ನೀರು ಕುಡಿಯುವಾಗ ಅರ್ಧ ಬಾಟಲಿ ಮಾದರಿಯ ಮೇಲೆ ಚೆಲ್ಲಿ, ಹಗ್ಗ ಸರ್ರನೆ ಸರಿದು ಮೇಷ್ಟ್ರ ಕನ್ನಡಕವನ್ನೂ ಎಳೆದುಕೊಂಡು ಹೋಯಿತು.

"ಕೆಲಸ ಅಂತೂ ಮಾಡ್ತಿದೆ" ಎಂದರು ಮೇಷ್ಟ್ರು, ಕಣ್ಣು ಕಾಣದೆ ಕಂಡಕ್ಟರನ ಕಡೆ ತಿರುಗಿ.

ಕಂಪನಿಯಲ್ಲಿ ಹೊರಗಿನವರ ಉಪಾಯಗಳನ್ನು ಪರೀಕ್ಷಿಸುವ ಮೇಡಂ ಮತ್ತೆ ಮತ್ತೆ ನೀರು ಚಿಮುಕಿಸಿ ನೋಡಿದರು. ಹಸಿ ಕಂಬಳಿ ಹೊರಿಸಿ ನೋಡಿದರು.

"ಬೆಳಗಿನ ಇಬ್ಬನಿಗೂ ಉಪ್ಪು ಕರಗಲ್ವಾ?"

"ಹರಳಿಗೆ ಎಣ್ಣೆ ಸವರಿದೀನಿ ಮೇಡಂ. ಇಬ್ಬನಿಗೆ ಜಗ್ಗಲ್ಲ."

ಮೇಡಂ ಮುಖ ಅರಳಿತು. "ಚೆನ್ನಾಗಿದೆ. ಇದನ್ನ ಹೊರಗಿನವರು ಯಾರಾದ್ರೂ ನೋಡಿದಾರಾ?"

ಇದಕ್ಕೇ ಕಾಯುತ್ತಿದ್ದ ಮೇಷ್ಟ್ರು ಎದ್ದು ನಿಂತರು. "ಇಡೀ ಬೀದಿ ನೋಡಿದೆ. ನಮ್ಮನೇಲಿ ಎರಡು ವರ್ಷದಿಂದ ಇದೇ ಹಗ್ಗ."

"ನಾನಂತೂ ನೋಡ್ಕೊಂಡು ಇನ್ನೂ ನಾಲ್ಕು ಮಾಡಿ ತವರಿಗೆ ಕಳ್ಸಿದೀನಿ" ಎಂದಳು ಟೈಲರಮ್ಮ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಊರೆಲ್ಲ ಕಂಡದ್ದಕ್ಕೆ ಪೇಟೆಂಟ್ ಸಿಗಲ್ಲ. ಇನ್ನು ಇದನ್ನ ಯಾರು ಬೇಕಾದ್ರೂ ಮಾಡಬಹುದು, ನಾವೂ ಮಾಡಬಹುದು. ನಿಮ್ಮಿಂದ ಲೈಸೆನ್ಸ್ ತಗೊಳ್ಳೋಕೆ ಏನೂ ಉಳಿದಿಲ್ಲ."

ಕೊಟ್ಟದ್ದು ತಪ್ಪು ಹೇಗಾಗುತ್ತದೆ ಎಂದು ಅವನಿಗೆ ತಿಳಿಯಲಿಲ್ಲ. ಬೀದಿಯ ಬಟ್ಟೆಯೆಲ್ಲ ನೆನೆಯದೆ ಉಳಿದದ್ದಂತೂ ನಿಜ. ಆದರೂ ಅತ್ತೆಗೆ ಏನು ಹೇಳುವುದೆಂದು ದಿಗಿಲಾಯಿತು.

ಮೇಡಂಗೆ ಪಾಪ ಅನ್ನಿಸಿರಬೇಕು. ಸಾಕ್ಷಿಗಳನ್ನು ಹೊರಗೆ ಕಳಿಸಿ ಕೇಳಿದರು: "ಯಾರೂ ನೋಡದ್ದು ಬೇರೆ ಏನಾದ್ರೂ ಇದೆಯಾ?"

ಇತ್ತು. ಮಂಚದ ಕೆಳಗೆ, ಗೋಣಿಚೀಲದಲ್ಲಿ ಸುತ್ತಿದ ಒಂದು ಊರುಗೋಲು. ಎಲ್ಲಿ ಕೈಬಿಟ್ಟರೂ ಬೀಳದೆ ತಾನೇ ನಿಲ್ಲುತ್ತಿತ್ತು. ಬಿದ್ದ ಕೋಲಿಗಾಗಿ ಅತ್ತೆ ಸೊಂಟ ಹಿಡಿದು ಬಗ್ಗುವುದನ್ನು ನೋಡಲಾರದೆ ಮಾಡಿದ್ದ. ಕೊಂಕು ನುಡಿದಾರು ಎಂದು ಹೆದರಿ ಹೆಂಡತಿಗೂ ತೋರಿಸಿರಲಿಲ್ಲ.

"ನಾಳೆನೇ ತನ್ನಿ" ಎಂದರು ಮೇಡಂ. "ಅಲ್ಲಿವರೆಗೆ ಒಂದು ನರಪಿಳ್ಳೆಗೂ ತೋರಿಸಬೇಡಿ."

ದಾರಿಯುದ್ದಕ್ಕೂ ಮೇಷ್ಟ್ರು ಕೆದಕಿ ಕೆದಕಿ ಕೇಳಿದರು. ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಮನೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಕಂಪನಿಯ ಸುದ್ದಿ ಕೇಳಲು ಬೀದಿಯೇ ಬಂದು ಕೂತಿತ್ತು. ನಡುಮನೆಯಲ್ಲಿ ಕೋಲು ಒಂಟಿಯಾಗಿ, ನೆಟ್ಟಗೆ ನಿಂತಿತ್ತು. ಬೀದಿಯ ಬಡಗಿ ಬಗ್ಗಿ ಅದರ ಬುಡವನ್ನು ಗೇಣು ಹಾಕಿ ಅಳೆಯುತ್ತಿದ್ದ.

"ಗುಡಿಸುವಾಗ ಸಿಕ್ತು" ಎನ್ನುತ್ತಿದ್ದರು ಅತ್ತೆ ಎಲ್ಲರಿಗೂ. "ನೋಡಿ, ಸರಿಯಾಗಿ ನನ್ನ ಎತ್ತರಕ್ಕೇ ಇದೆ. ಕಂಪನಿಯವರು ಏನಾದ್ರೂ ಅಂದ್ಕೊಳ್ಳಲಿ. ಇದನ್ನ ನಮ್ಮ ಅಳಿಯಂದ್ರು ನನಗೋಸ್ಕರ ಮಾಡಿದಾರೆ."

ಮದುವೆಯಾದಂದಿನಿಂದ ಆ ಬಾಯಲ್ಲಿ ಅವನು ಅಳಿಯಂದಿರಾದದ್ದು ಅದೇ ಮೊದಲು. ಅವನ ಕಣ್ಣು ತುಂಬಿತು. ಯಾವುದಕ್ಕೆ ಎಂದು ಅವನಿಗೂ ಹೇಳಲಾಗುತ್ತಿರಲಿಲ್ಲ.

"ಬನ್ನಿ, ಬಿಟ್ರೂ ಹೇಗೆ ಬೀಳಲ್ಲ ಅಂತ ಇವರಿಗೆಲ್ಲ ನೀವೇ ಸ್ವಲ್ಪ ಬಿಡಿಸಿ ಹೇಳಿ" ಎಂದರು ಅತ್ತೆ.

ಅವನು ಚಪ್ಪಲಿ ಕಳಚಿ ಒಳಗೆ ಬಂದು, ಬಡಗಿಯ ಪಕ್ಕದಲ್ಲಿ ಕೂತು, ಕೋಲನ್ನು ತಲೆಕೆಳಗು ಮಾಡಿ ಹಿಡಿದ.