ಉಪ್ಪಿಟ್ಟು ಕಾಯುವ ಪ್ರೋಗ್ರಾಂ

ಹಂಪಯ್ಯನಿಗೆ ಉಪ್ಪಿಟ್ಟು ಕಂಡರೆ ಆಗದು. ಹೈದರಾಬಾದಿನ ಗಚ್ಚಿಬೌಲಿಯ ಅವನ ಆಫೀಸಿನಲ್ಲಿ ಕ್ಯಾಂಟೀನು ನಡೆಸುವ ಬಸವಲಿಂಗಪ್ಪನಿಗೋ ಉಪ್ಪಿಟ್ಟೆಂದರೆ ಪ್ರಾಣ. ಅದು ಯಾವ ದಿನ ಬಂದೆರಗುತ್ತದೋ ಯಾರಿಗೂ ತಿಳಿಯುತ್ತಿರಲಿಲ್ಲ.

"ಉಪ್ಪಿಟ್ಟಿದ್ರ ಮನಿ ಬಿಡೂಕಿಂತ ಮೊದಲ ಹೇಳ್ರಿ, ರೊಟ್ಟಿ ಕಟ್ಟಿ ಕೊಡ್ತೀನಿ. ದಿನಾ ಡಬ್ಬಿ ಕಟ್ಟಾಕ ನನ್ನಿಂದ ಆಗಂಗಿಲ್ಲ," ಎಂದು ಹೆಂಡತಿ ರೇಣುಕಾ ಖಡಾಖಂಡಿತವಾಗಿ ಹೇಳಿದ್ದಳು.

ಕ್ಯಾಂಟೀನಿನ ವೆಬ್‌ಸೈಟಿನಲ್ಲಿ ಒಂದೊಂದು ತಿಂಡಿಗೂ ಒಂದೊಂದು ಪುಟ. ಚಿತ್ರ, ಜಾಹೀರಾತು, ಶುಭಾಶಯಗಳ ಸಂತೆಯ ನಡುವೆ ಎಲ್ಲೋ ಒಂದು ಕಡೆ 'ಇಂದು ಉಂಟು' ಅಥವಾ 'ಇಂದು ಇಲ್ಲ' ಎಂದಿರುತ್ತಿತ್ತು. ಹಂಪಯ್ಯ ಬೆಳಿಗ್ಗೆ ಎದ್ದವನೇ ಒಂದು ಪ್ರೋಗ್ರಾಂ ಬರೆದ. ಅದು ಕ್ಷಣಕ್ಕೊಮ್ಮೆ ಉಪ್ಪಿಟ್ಟಿನ ಪುಟ ತೆರೆದು, ಅದರ ಹಿಂದೆ ಅಡಗಿರುವ ಎಚ್‌ಟಿಎಂಎಲ್ ಬರಹವನ್ನು ಬಿಡಿಬಿಡಿಯಾಗಿಸುವ ಪಾರ್ಸರಿಗೆ ಹಾಕಿ, ಮೊರದಲ್ಲಿ ಜೋಳ ಕೇರಿದಂತೆ ಕೇರಿ, ಆ ಒಂದು ಸಾಲನ್ನು ಹೆಕ್ಕುತ್ತಿತ್ತು. 'ಉಂಟು' ಎಂದು ಕಂಡರೆ ಫೋನು ಬಾರಿಸುತ್ತಿತ್ತು.

ಅಂದು ಫೋನು ಮೊಳಗಲಿಲ್ಲ. ಡಬ್ಬಿ ಬೇಡವೆಂದು ಹೊರಟ. ಕ್ಯಾಂಟೀನಿನಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ಕಾದಿದ್ದವು. ಹಿಗ್ಗು ತಡೆಯಲಾರದೆ ಪಕ್ಕದ ಸೀಟಿನ ಪ್ರೇಮಾಗೆ ಗುಟ್ಟು ಬಿಟ್ಟುಕೊಟ್ಟ. ಅಲ್ಲಿಗೆ ಕೆಟ್ಟಿತು.

"ನನಗೂ ಉಪ್ಪಿಟ್ಟು ಸೇರಂಗಿಲ್ಲ, ನನಗೂ ಒಂದು ಹಾಕಿ ಕೊಡ್ರಿ," ಎಂದಳು ಪ್ರೇಮಾ.

"ಕ್ಷಣಕ್ಕೊಂದ್ಸಲ ಸಾಲ್ದು ಕಣಯ್ಯ, ಇನ್ನೂ ಜೋರಾಗಿ ಓಡ್ಸು," ಎಂದು ಚಿತ್ರದುರ್ಗದ ತಿಪ್ಪೇಸ್ವಾಮಿ ತಾನೇ ಕೈಹಾಕಿ ತಿದ್ದಿದ. ತೆಲುಗಿನವರೂ "ಅನ್ನಾ, ನಾಕು ಕೂಡಾ" ಎಂದು ತಮಗೂ ಕೇಳುತ್ತ ಸಾಲುಗಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಮಹಡಿಯ ಕಂಪ್ಯೂಟರುಗಳು ಉಪ್ಪಿಟ್ಟಿನ ಪುಟದ ಬಾಗಿಲು ಬಡಿಯುತ್ತಿದ್ದವು.

ಸಂಜೆ ಚಹಾದ ವೇಳೆಗೆ ಬಸವಲಿಂಗಪ್ಪನೇ ಹಬೆಯಾಡುವ ಪಾತ್ರೆ ಹೊರಿಸಿಕೊಂಡು ಮೇಲೆ ಬಂದ. ಅವನ ಕಣ್ಣು ತುಂಬಿತ್ತು.

"ಹಂಪಯ್ಯನೋರು ಯಾರ್ರಿ?"

ಎಲ್ಲರೂ ಬೆರಳು ತೋರಿಸಿದರು.

"ಯಾವ ಪುಟ ಮಂದಿ ಹೆಚ್ಚು ತೆರೀತಾರೋ ಅದನ್ನ ಮಾಡ್ರಿ ಅಂತ ಮ್ಯಾನೇಜರ್ ಸಾಹೇಬ್ರ ಹುಕುಂ ಐತ್ರಿ. ಸುಸಲಾದ ಪುಟ ಒಬ್ಬರೂ ತೆರದಿಲ್ಲ. ಉಪ್ಪಿಟ್ಟಿಂದು ನೋಡಿದ್ರ, ಮುಂಜಾನಿಂದ ಬಿಡುವಿಲ್ದ ತೆರ್ಯಾಕತ್ತೀರಿ. ಲಾಗಿನ್ ಆದವರ ಪಟ್ಟಿಯೊಳಗ ಎಲ್ಲಾರಕಿಂತ ಮೊದಲು ನಿಮ್ಮ ಹೆಸರು. ನನ್ನ ಉಪ್ಪಿಟ್ಟಿಗೆ ಇಷ್ಟು ಹಂಬಲಿಸಿದೋರನ್ನ ನಾ ಎಂದೂ ನೋಡಿಲ್ರಿ. ಇನ್ನ ದಿನಾ ಅದ."

"ಅಣ್ಣಾರ, ಅದು ನಾನಲ್ರಿ, ಪ್ರೋಗ್ರಾಂ..."

"ನಾಚಬ್ಯಾಡ್ರಿ," ಎಂದು ಬಸವಲಿಂಗಪ್ಪ ತಟ್ಟೆಯ ತುಂಬ ಗುಡ್ಡೆ ಹಾಕಿ, ಎದುರಿಗೇ ನಿಂತ.

ಹಂಪಯ್ಯ ಅಳುಮುಖ ಮಾಡಿಕೊಂಡು ಮೊದಲ ತುತ್ತು ಬಾಯಿಗಿಟ್ಟ. ಆಗ ಇಡೀ ಮಹಡಿಯ ಫೋನುಗಳು ಒಟ್ಟಿಗೆ ಮೊಳಗಿದವು. ಉಪ್ಪಿಟ್ಟು, ಇಂದು ಉಂಟು. ಪ್ರೋಗ್ರಾಂ ಎಳ್ಳಷ್ಟೂ ತಪ್ಪಿರಲಿಲ್ಲ.