ಊರಿನ ಚಪ್ಪಲಿ ಪಳಗಿಸುತ್ತಿದ್ದ ಚಿಕ್ಕಮಾವ

ನಮ್ಮ ಚಿಕ್ಕಮಾವ ಕಡೂರಿನ ಅಮಲ್ದಾರರ ಚಪ್ಪಲಿಯಲ್ಲಿ ಕಾಲಿಟ್ಟಿದ್ದಾರೆ, ಹೆಡ್‌ಮಾಸ್ತರರ ಬೂಟಿನಲ್ಲಿ ಕಾಲಿಟ್ಟಿದ್ದಾರೆ, ಹೆಚ್ಚೇನು, ಹೊಸ ಮದುವಣಗಿತ್ತಿಯಾಗಿ ಬಂದ ನನ್ನ ಜರಿಪಟ್ಟಿಯ ಚಪ್ಪಲಿಯಲ್ಲೂ ಕಾಲಿಟ್ಟಿದ್ದಾರೆ ಎಂದರೆ ನೀವು ನಂಬುತ್ತೀರಾ? ಕದ್ದು ಮೆಟ್ಟಿದ್ದಲ್ಲ ಸ್ವಾಮಿ, ಕರೆದು ಕೊಟ್ಟಿದ್ದು! ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಊರುಗಳಲ್ಲಿ ಯಾರು ಹೊಸ ಚಪ್ಪಲಿ ಹೊಲಿಸಿದರೂ ಮೊದಲು ಅದು ನಮ್ಮ ಚಿಕ್ಕಮಾವನ ಕಾಲಿಗೆ. ಅವರು ನಾಲ್ಕಾರು ದಿನ ಮೆಟ್ಟಿ, ಓಡಾಡಿ, ಮೆತ್ತಗೆ ಮಾಡಿ ಕೊಟ್ಟ ಮೇಲೆ ದುಡ್ಡು ಕೊಟ್ಟವರ ಕಾಲಿಗೆ!

ಚಿಕ್ಕಮಾವ ಎಂದರೆ ನನ್ನ ಮಾವನವರ ತಮ್ಮ. ಕಡೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಮಂಡಿಯ ಹಿಂದುಗಡೆಯ ಒಂದು ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲವೆಂದು ನಮ್ಮ ಅತ್ತೆಯನ್ನು ಕೇಳಿದರೆ, "ಹೆಣ್ಣು ನೋಡಾಕೆ ಕರ್ಕಂಡು ಹೋದ್ರೆ, ಬಾಗಿಲಾಗೆ ಬಿಟ್ಟಿರೋ ಕೆರ ನೋಡ್ತಾ ನಿಂತ್ಕಂಡ ಕಣೇ. ಒಳಗೇ ಬರ್ಲಿಲ್ಲ!" ಎನ್ನುತ್ತಿದ್ದರು. ಕಥೆಗೆ ಅತ್ತೆ ಒಂದಿಷ್ಟು ಉಪ್ಪುಖಾರ ಹಾಕಿರಬಹುದು. ಆದರೆ ನನ್ನನ್ನು ನೋಡಲು ಬಂದ ದಿನ ನಡೆದದ್ದಕ್ಕೆ ನಾನೇ ಸಾಕ್ಷಿ.

ಅವತ್ತು ಗಂಡಿನ ಕಡೆಯವರೆಲ್ಲ ಉಪ್ಪಿಟ್ಟು ತಿಂದು, ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ವಾಡಿಕೆಯ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿದ್ದರು. ಮೂಲೆಯಲ್ಲಿ ಕುಳಿತು ನನ್ನ ಪಾದಗಳನ್ನೇ ನೋಡುತ್ತಿದ್ದ ಚಿಕ್ಕಮಾವ ಗಂಟಲು ಸರಿಮಾಡಿಕೊಂಡು, "ಮಗು, ನಿಂಗೆ ಎಡಗಾಲಿನ ಕಿರುಬೆರಳು ಉಜ್ಜುತ್ತಾ?" ಎಂದರು. ನಮ್ಮಪ್ಪನ ಮುಖ ಕೆಂಪಾಯಿತು. ಹುಡುಗಿಗೆ ಕಾಲು ಊನ ಇದೆಯೆಂದು ಯಾರೋ ಚಾಡಿ ಹೇಳಿದ್ದಾರೆಂದೇ ಅವರು ತಿಳಿದರು. "ಏನ್ರೀ ಹಂಗಂದ್ರೆ? ನಮ್ ಹುಡುಗಿ ನೆಟ್ಟಗೆ ನಡೀತಾಳೆ, ಬೇಕಾದ್ರೆ ನಡೆಸಿ ತೋರಿಸ್ತೀನಿ!" ಎಂದು ಎದ್ದೇ ನಿಂತರು. ನಾನು ತಲೆ ತಗ್ಗಿಸಿಕೊಂಡೇ ಮೆಲ್ಲಗೆ, "ಹೌದು, ಉಜ್ಜುತ್ತೆ" ಎಂದೆ. ನಿಜವಾಗಿಯೂ ಉಜ್ಜುತ್ತಿತ್ತು! ಹುಟ್ಟಿದಾಗಿನಿಂದ ನನ್ನ ಕಿರುಬೆರಳಿನ ಯೋಗಕ್ಷೇಮ ವಿಚಾರಿಸಿದ ಮೊದಲ ಮನುಷ್ಯ ಅವರು. ಹುಡುಗನನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ, ಈ ಮನೆ ಆಗಬಹುದು ಎಂದು ಆಗಲೇ ಅನಿಸಿಬಿಟ್ಟಿತು.

ಮದುವೆಯಾಗಿ ಕಡೂರಿಗೆ ಬಂದ ವಾರದಲ್ಲೇ ನನ್ನ ಹೊಸ ಚಪ್ಪಲಿ ಹಿಮ್ಮಡಿಯನ್ನು ಕಚ್ಚಿ ಬೊಬ್ಬೆ ಎಬ್ಬಿಸಿತು. ಚಿಕ್ಕಮಾವ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಬಿಡು, ಒಂದು ವಾರ ನನ್ನ ಹತ್ರ ಇರಲಿ" ಎಂದು ಒಯ್ದರು. ಮೊದಲು ಹರಳೆಣ್ಣೆ ಸವರುವುದು, ಬಿಸಿಲಿಗಿಡದೆ ನೆರಳಿನಲ್ಲೇ ಆರಿಸುವುದು, ಆಮೇಲೆ ಒದ್ದೆ ಬಟ್ಟೆ ತುರುಕಿ ಪಟ್ಟಿ ಹಿಗ್ಗಿಸುವುದು, ಕೊನೆಗೆ ಕಾಲಿಗೆ ಹಾಕಿಕೊಂಡು ನಡೆಯುವುದು. ಇದು ಅವರ ಕ್ರಮ. ಗಂಡಸರದಾಗಲಿ ಹೆಂಗಸರದಾಗಲಿ ಕ್ರಮ ತಪ್ಪುವ ಹಾಗಿಲ್ಲ! ಮುಂದಿನ ಸೋಮವಾರ ಸಂತೆಯ ಹೊತ್ತಿನಲ್ಲಿ ಬಿಳಿ ಪಂಚೆ, ಕರಿ ಕೋಟು, ಹಣೆ ತುಂಬ ವಿಭೂತಿ, ಕಾಲಲ್ಲಿ ಮಿರಮಿರ ಮಿಂಚುವ ಜರಿಪಟ್ಟಿಯ ಚಪ್ಪಲಿ, ಅದರಿಂದ ಅರ್ಧ ಗೇಣು ಹಿಂದಕ್ಕೆ ನೇತಾಡುವ ಹಿಮ್ಮಡಿ, ಹೀಗೆ ಬಜಾರಿನ ನಟ್ಟನಡುವೆ ಚಿಕ್ಕಮಾವ ಗಂಭೀರವಾಗಿ ನಡೆದು ಬಂದರು. ತರಕಾರಿ ಮಾರುವವಳು ತಕ್ಕಡಿ ಕೆಳಗಿಟ್ಟು ನಕ್ಕಳಂತೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಕಂಡೋರ ಕೆರ ಮೆಟ್ಟಿದ್ದು ಸಾಲ್ದು ಅಂತ ಮನೆ ಸೊಸೇದೂ ಮೆಟ್ಕಂಡು ಹೊಂಟವ್ನಲ್ಲೇ!" ಎಂದು ಗೋಳಾಡಿದರು. ಚಪ್ಪಲಿ ಮಾತ್ರ ಬೆಣ್ಣೆಯಾಗಿ ಬಂತು. ಆಮೇಲೆ ಅದು ನನ್ನನ್ನು ಒಂದು ದಿನವೂ ಕಚ್ಚಲಿಲ್ಲ.

ಅವರ ನಡಿಗೆ ಶುರುವಾಗುತ್ತಿದ್ದುದು ಮಂಡಿಯ ಬಾಗಿಲು ಹಾಕಿದ ಮೇಲೆ. ಎಲ್ಲರೂ ಮನೆ ಕಡೆ ತಿರುಗುವ ಹೊತ್ತಿಗೆ ಇವರು ಊರಾಚೆ ಹೊರಡುತ್ತಿದ್ದರು. ಎಮ್ಮೆದೊಡ್ಡಿಯ ಹುಲ್ಲುಗಾವಲಿನ ದಿಕ್ಕಿಗೋ ಸಖರಾಯಪಟ್ಟಣದ ರಸ್ತೆಗೋ ಕಾಲು ಹೊರಳಿಸಿ, ಯಾರದೋ ಚಪ್ಪಲಿ ಮೆಟ್ಟಿ, ಕತ್ತಲಾಗುವವರೆಗೆ ನಡೆಯುವುದು. ಹೋಟೆಲಿನಲ್ಲಿ ಊಟ, ಕೋಣೆಯಲ್ಲಿ ನಿದ್ದೆ. ಹಬ್ಬಕ್ಕೆ ಕರೆದರೆ ನಮ್ಮಲ್ಲಿಗೆ ಬರುವರು, ಕರೆಯದಿದ್ದರೆ ಇಲ್ಲ. ಭಾನುವಾರ ಮಂಡಿಗೆ ರಜೆ. ಅವತ್ತು ಅವರು ಯಾರೊಡನೆಯಾದರೂ ಒಂದು ಮಾತಾಡಿರುತ್ತಿದ್ದರೋ ಇಲ್ಲವೋ ನನಗೆ ಅನುಮಾನ.

ಒಂದು ದಿನ ನಮ್ಮ ಜಗುಲಿಯಲ್ಲಿ ಹೆಡ್‌ಮಾಸ್ತರರು ಕುಳಿತಿದ್ದರು. ನಾನು ಪಾಠ ಹೇಳುತ್ತಿದ್ದ ಶಾಲೆಗೆ ಅವರೇ ಹೆಡ್‌ಮಾಸ್ತರು, ನಮ್ಮ ಪಕ್ಕದ ಮನೆಯವರು ಕೂಡ. ಚಿಕ್ಕಮಾವ ಬಂದು ಬೂಟು ಒಪ್ಪಿಸಿ, "ನಿನ್ನೆ ನಿಮ್ಮ ಜೊತೆ ಸಖರಾಯಪಟ್ಟಣದ ದಾರೀಲಿ ಬಾಳ ದೂರ ಹೋಗಿದ್ದೆ ಸಾರ್. ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ" ಎಂದರು.

"ನನ್ನ ಜೊತೆಗಾ? ನಾನು ನಿನ್ನೆ ಮನೇಲಿ ಪೇಪರ್ ತಿದ್ತಿದ್ದೆ ಕಣ್ರೀ!"

"ಇರಬೋದು ಸಾರ್. ಆದ್ರೂ ನೀವು ಬಂದಿದ್ರಿ."

"ಓಹೋ! ಬಂದು ನಾನು ಏನು ಮಾತಾಡ್ದೆ?"

"ನೀವೇನೂ ಮಾತಾಡ್ಲಿಲ್ಲ. ದಿನವೆಲ್ಲ ಸ್ಕೂಲಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿರುತ್ತಲ್ಲ ಅಂತ ನಾನೇ ಮಾತಾಡ್ತಾ ಹೋದೆ."

ಜಗುಲಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇದೇ ಒಂದು ತಮಾಷೆಯಾಯಿತು. "ಇವತ್ತು ಯಾರ ಜೊತೆ ಹೋಗಿದ್ರಿ ರೈಟರೇ?" ಎಂದು ಕೇಳಿದರೆ, "ಅಮಲ್ದಾರರ ಜೊತೆ. ಮನುಷ್ಯ ಜೋರು, ಬಲಗಾಲು ಒತ್ತಿ ಇಡ್ತಾರೆ" ಎನ್ನುವರು. ನಾವು ನಗುವುದು, ಅವರೂ ನಗುವುದು. ನಕ್ಕಾದ ಮೇಲೆ ನಾವು ಊಟಕ್ಕೆ ಏಳುತ್ತಿದ್ದೆವು, ಅವರು ನಡೆಯಲು ಹೋಗುತ್ತಿದ್ದರು.

ಶಿವರಾತ್ರಿ ಹತ್ತಿರ ಬಂದಾಗ ನೋಡಬೇಕಿತ್ತು ಅವರ ವೈಭವವನ್ನು! ನಮ್ಮ ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗುವ ಗುಂಪುಗಳು ಹೊರಡುವ ಕಾಲ ಅದು. ಘಾಟಿ ಇಳಿದು ಹೋಗುವ ದಾರಿ, ದಿನಗಟ್ಟಲೆ ನಡಿಗೆ. ಹರಕೆ ಹೊತ್ತ ಕೆಲವರು ಬರಿಗಾಲಲ್ಲಿ ಹೋಗುತ್ತಿದ್ದರು. ಮಿಕ್ಕವರೆಲ್ಲ ಹೊಸ ಚಪ್ಪಲಿ ಹೊಲಿಸಿ ಚಿಕ್ಕಮಾವನ ಕೋಣೆಗೆ ತಂದು ಸುರಿಯುತ್ತಿದ್ದರು. ಕೋಣೆಯಲ್ಲಿ ಅವರಿಗೆ ಮಲಗಲು ಜಾಗ ಸಾಲದೆ ಚಪ್ಪಲಿಗಳು ಮಂಚದ ಮೇಲೆ, ಅವರು ಮಂಚದ ಕೆಳಗೆ! ಬೆಳಿಗ್ಗೆ ಒಂದು ಜೊತೆ, ಸಂಜೆ ಒಂದು ಜೊತೆ, ಕೆಲವೊಮ್ಮೆ ಬಲಗಾಲಿಗೆ ತರೀಕೆರೆಯವರದು, ಎಡಗಾಲಿಗೆ ಅಜ್ಜಂಪುರದವರದು. ಪಳಗಿದ ಚಪ್ಪಲಿಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಬೀರೂರಿನಲ್ಲಿ ರೈಲು ಬದಲಾಯಿಸಿ ಆಯಾ ಊರಿಗೆ ಹೋಗಿ ಹಂಚುವರು. ಹಂಚುವಾಗ ಉಪದೇಶ ಬೇರೆ. "ನೋಡಿ, ಹೊಸ ಚಪ್ಪಲೀಲಿ ದೂರ ಹೊರಟವನಷ್ಟು ದಡ್ಡ ಇನ್ನೊಬ್ಬ ಇಲ್ಲ. ಉಜ್ಜಿದ ತಕ್ಷಣ ನಿಂತ್ಕಂಡು ಎಣ್ಣೆ ಹಚ್ರಿ. ಬೊಬ್ಬೆ ಎದ್ರೆ ಮುಚ್ಚಿಡಬೇಡ್ರಿ, ಕೂಡ್ಲೇ ಹೇಳ್ರಿ!" ಗುಂಪು ಊರು ದಾಟುವವರೆಗೂ ಜೊತೆಯಲ್ಲಿ ಹೋಗಿ, ಕೈ ಮುಗಿದು, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ವಾಪಸು ಬರುವರು.

ಎಂಬತ್ತರ ಆಸುಪಾಸಿನ ಒಂದು ವರ್ಷ ಅತ್ತೆಯ ಹರಕೆಗಾಗಿ ನಾನೂ ನಮ್ಮ ಮನೆಯವರೂ ಹೊರಡುವುದೆಂದಾಯಿತು. ಅತ್ತೆಗೆ ಮಂಡಿನೋವು. ಹರಕೆ ಅವರದು, ನಡಿಗೆ ನಮ್ಮದು! ಆಗ ನಾನು ನಮ್ಮ ಗುಂಪಿನಲ್ಲೇ ಹೊರಟಿದ್ದ ಹೆಡ್‌ಮಾಸ್ತರರನ್ನು ಸುಮ್ಮನೆ ಕೇಳಿದೆ, "ಚಿಕ್ಕಮಾವ ಯಾಕೆ ಸಾರ್ ನಮ್ಮ ಗುಂಪಲ್ಲಿ ಇಲ್ಲ?"

"ಅವರು ವರ್ಷಾ ವರ್ಷಾ ತರೀಕೆರೆಯವರ ಜೊತೆ ಹೋಗ್ತಾರಲ್ಲಮ್ಮ!"

ನಮ್ಮ ಶಾಲೆಯಲ್ಲಿ ತರೀಕೆರೆಯ ಟೀಚರೊಬ್ಬರಿದ್ದರು. ಅವರನ್ನು ಕೇಳಿದರೆ, "ನಮ್ಮ ಜೊತೆ ಎಲ್ಲಿ? ಅಜ್ಜಂಪುರದವರ ಜೊತೆ ಹೋಗ್ತಾರೆ ಅಂತ ನಮ್ಮೂರಲ್ಲಿ ಅಂದ್ಕಂಡಿದ್ದೀವಿ" ಎಂದರು. ಕೊಬ್ಬರಿ ಮಾರಲು ಮಂಡಿಗೆ ಬಂದಿದ್ದ ಅಜ್ಜಂಪುರದ ಸಾಹುಕಾರರನ್ನು ಕೇಳಿದೆ. "ಅವ್ರು ಕಡೂರಿನೋರಲ್ವೇನವ್ವಾ? ನಿಮ್ ಜೊತೆ ಬರ್ತಾರಲ್ಲ!" ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮೂರು ಊರಿನವರ ಕಾಲಿಗೆ ಬೇಕಾದ ಮನುಷ್ಯ ಯಾವ ಊರಿನವರ ಗುಂಪಿಗೂ ಸೇರಿರಲಿಲ್ಲ. ಅದೇ ಸಂಜೆ ಅವರ ಕೋಣೆಗೆ ಹೋದೆ. ಚಪ್ಪಲಿಗಳ ನಡುವೆ ಕುಳಿತು ಪಟ್ಟಿಗೆ ಎಣ್ಣೆ ಸವರುತ್ತಿದ್ದರು.

"ನಿಮಗೆ ಹೋಗೋಕೆ ಆಸೆ ಇಲ್ವಾ ಚಿಕ್ಕಮಾವ?"

"ಅಯ್ಯೋ, ಆಸೆ ಇಲ್ದೆ ಏನಮ್ಮ?"

"ಮತ್ತೆ ಯಾಕೆ ಹೋಗಲ್ಲ?"

ಅವರು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. "ಯಾರೂ ಕರೀಲಿಲ್ಲ ಕಣಮ್ಮ. ಕರೀದೆ ಹೋಗೋದು ಹೆಂಗೆ? ದಾರಿ ಸರ್ಕಾರದ್ದು, ಜೊತೆ ಅವರದ್ದಲ್ವಾ?"

ಮನೆಗೆ ಓಡಿದೆ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ನಮ್ಮ ಮನೆಯವರನ್ನೂ ಎಳೆದುಕೊಂಡು ಬಂದು, ಮದುವೆಗೆ ಕರೆಯುವ ಹಾಗೆ ಕರೆದೆ. "ನಾಡಿದ್ದು ಹೊರಡ್ತೀವಿ. ನೀವು ನಮ್ಮ ಜೊತೆ ಬರಬೇಕು." ಚಿಕ್ಕಮಾವ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಒಮ್ಮೆಲೇ ಗಾಬರಿಯಾಗಿ, "ಅಯ್ಯಯ್ಯೋ, ನನಗೆ ಚಪ್ಪಲಿ?" ಎಂದರು. ನೋಡಿ ಅವರ ಅವಸ್ಥೆಯನ್ನು! ಕೋಣೆಯ ತುಂಬ ಚಪ್ಪಲಿ, ಅವರದು ಅಂತ ಒಂದು ಜೊತೆ ಇಲ್ಲ! ವರ್ಷವೆಲ್ಲ ಕಂಡವರದನ್ನು ಮೆಟ್ಟಿ ಸ್ವಂತದ್ದು ಬೇಕೆನ್ನುವುದೇ ಅವರಿಗೆ ಮರೆತುಹೋಗಿತ್ತು. ಮಾರನೆಯ ದಿನ ಟೈರಿನ ಅಟ್ಟೆಯ ಹೊಚ್ಚ ಹೊಸ ಚಪ್ಪಲಿ ತಂದರು. ಪಳಗಿಸಲು ದಿನವೆಲ್ಲಿತ್ತು? ಹೆಡ್‌ಮಾಸ್ತರರು ಛೇಡಿಸಿದರು. "ಏನು ರೈಟರೇ, ಹೊಸ ಚಪ್ಪಲೀಲಿ ದೂರ ಹೊರಟವನು ದಡ್ಡ ಅಂತಿದ್ರಿ?"

"ಅದು ನಿಮ್ಮಂಥೋರ ಕಾಲಿಗೆ ಸಾರ್. ನನ್ನ ಕಾಲಿಗೆ ಎಲ್ಲಾ ಚಪ್ಪಲೀನೂ ಹೆದರ್ತವೆ!"

ಹೊರಟೆವು. ಮೊದಲ ದಿನ ಅವರ ಮಾತು ನಿಲ್ಲಲೇ ಇಲ್ಲ. ಒಬ್ಬೊಬ್ಬರ ಪಕ್ಕಕ್ಕೂ ಹೋಗಿ ಅವರವರ ಕಾಲು ವಿಚಾರಿಸಿದರು. ಯಾರಿಗಾದರೂ ಪಟ್ಟಿ ಉಜ್ಜಿದರೆ ಓಡಿ ಬಂದು ಎಣ್ಣೆ ಹಚ್ಚಿದರು. "ನಿಜವಾಗ್ಲೂ ಪಕ್ಕದಲ್ಲಿದ್ದೀರಲ್ಲ ಸಾರ್!" ಎಂದು ಹೆಡ್‌ಮಾಸ್ತರರ ತೋಳು ಮುಟ್ಟಿ ನೋಡಿ ನಗಿಸಿದರು. ಎರಡನೆಯ ದಿನ ಮಾತು ಕಡಿಮೆಯಾಯಿತು. ಚಿಕ್ಕಮಗಳೂರು ದಾಟಿದ ಮೇಲೆ, "ನೀವು ನಡೀರಿ, ಈ ಕಾಫಿ ತೋಟ ಒಂಚೂರು ನೋಡ್ಕಂಡು ಬತ್ತೀನಿ" ಎನ್ನತೊಡಗಿದರು. ಕಡೂರಿನ ಬಯಲು ಸೀಮೆಯಲ್ಲಿ ಹುಟ್ಟಿದವರು, ತೋಟದ ಚೆಂದ ನೋಡಲಿ ಬಿಡು ಅಂದುಕೊಂಡೆವು. ಮೂರನೆಯ ದಿನ ಮಧ್ಯಾಹ್ನ ಹಿಂತಿರುಗಿ ನೋಡಿದರೆ ರಸ್ತೆಯಲ್ಲಿ ಅವರು ಕಾಣಲಿಲ್ಲ.

ಮಿಕ್ಕವರಿಗೆ ಅಲ್ಲೇ ಕಾಯಲು ಹೇಳಿ ನಾನೊಬ್ಬಳೇ ಹಿಂದಕ್ಕೆ ನಡೆದೆ. ಎರಡು ತಿರುವು ದಾಟಿದರೆ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದರು. ಅಲ್ಲಿ ತೋಟವೂ ಇರಲಿಲ್ಲ. ಚಪ್ಪಲಿ ಪಕ್ಕದಲ್ಲಿತ್ತು, ಅದರ ಹೆಬ್ಬೆರಳು ತೂರಿಸುವ ಉಂಗುಷ್ಟಕ್ಕೆ ರಕ್ತ ಮೆತ್ತಿತ್ತು. ನನ್ನನ್ನು ಕಂಡದ್ದೇ ಎರಡೂ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡರು.

"ಏನೂ ಇಲ್ಲ ಕಣಮ್ಮ. ಗಾಳಿಗೆ ಕೂತಿದ್ದೆ."

"ಯಾಕೆ ಹೇಳ್ಲಿಲ್ಲ ಚಿಕ್ಕಮಾವ? ಎಲ್ಲರಿಗೂ ಕೂಡ್ಲೇ ಹೇಳ್ರಿ ಅಂತಿದ್ರಲ್ಲ?"

ಅವರು ರಸ್ತೆ ನೋಡುತ್ತಾ ಹೇಳಿದರು, "ಹೇಳಿದ್ರೆ ನೀವು ಬಸ್ ಹತ್ತಿಸ್ತಿದ್ರಿ."

"ಹತ್ತಿಸಿದ್ರೆ ಏನಾಗ್ತಿತ್ತು?"

"ಒಬ್ಬನೇ ಕೂತ್ಕಂಡು ಕಡೂರಿಗೆ ಹೋಗಬೇಕಿತ್ತಲ್ಲಮ್ಮ."

ಮೂರು ದಿನ ಇವರು ಬೊಬ್ಬೆಗಳ ಮೇಲೆಯೇ ನಡೆದಿದ್ದರು, ಅದೂ ನಗುತ್ತಾ. ನಾಚಿಕೆಗಲ್ಲ, ಹಟಕ್ಕಲ್ಲ, ಸಿಕ್ಕಿದ ಜೊತೆ ತಪ್ಪಿಹೋಗುತ್ತದೆ ಎಂಬ ಭಯಕ್ಕೆ. ಅವರ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತು ನಾನು ಅತ್ತುಬಿಟ್ಟೆ. ಅವರು ಗಾಬರಿಯಾಗಿ, "ನಿಂಗೇನಾದ್ರೂ ಉಜ್ಜಿತಾ ಮಗು?" ಎಂದು ಕೇಳಿದರು.

ಅಷ್ಟರಲ್ಲಿ ಚಿಕ್ಕಮಗಳೂರಿನ ಕಡೆ ವಾಪಸು ಹೋಗುವ ಬಸ್ಸು ಬಂತು. ನಾವು ಕುಳಿತಿದ್ದನ್ನು ನೋಡಿ ಕಂಡಕ್ಟರು ಸೀಟಿ ಊದಿ ನಿಲ್ಲಿಸಿದ. "ಹತ್ರೀ ಅಜ್ಜಾರೇ, ಸೀಟೈತೆ!" ಚಿಕ್ಕಮಾವ ಬಸ್ಸನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡು ತಲೆ ತಗ್ಗಿಸಿದರು.

"ಇಲ್ಲಪ್ಪ, ನೀವು ಹೊರಡಿ" ಎಂದೆ ನಾನು. "ನಾವು ಎಷ್ಟು ಹೊತ್ತಾದ್ರೂ ಆಗ್ಲಿ, ನಡ್ಕೊಂಡೇ ಹೋಗ್ತೀವಿ. ಮುಂದೆ ನಮ್ಮೋರೆಲ್ಲ ಕಾಯ್ತಿದ್ದಾರೆ."

ಬಸ್ಸು ಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಚಿಕ್ಕಮಾವ ಮೆಲ್ಲಗೆ ಪಂಚೆ ಸರಿಸಿ ಎರಡೂ ಪಾದಗಳನ್ನು ನನ್ನ ಮುಂದೆ ಚಾಚಿದರು.