ಅವರೆಕಾಲದಲ್ಲಿ ಆಸೆಹೀರುಕ

ಸೊಗಡು ಅವರೆಕಾಯಿಯ ವಾಸನೆ ನನಗೆ ಇಂದಿಗೂ ಅಮ್ಮನ ಅಂಗೈಯ ವಾಸನೆಯೇ. ಕಾಯಿ ಸುಲಿದ ಕೈಯಲ್ಲೇ ಅವಳು ನಮ್ಮ ಮುಖ ಒರೆಸುತ್ತಿದ್ದಳು. ಆ ಅಂಟಂಟು ಘಮಲು ಮಲಗುವವರೆಗೂ ಕೆನ್ನೆಯ ಮೇಲೆ ಉಳಿದಿರುತ್ತಿತ್ತು. ಅದೇ ಘಮಲು ಒಂದು ಯಂತ್ರದಿಂದ ಬರುತ್ತದೆಂದು ಯಾರಾದರೂ ಹೇಳಿದರೆ ನಕ್ಕುಬಿಡಬಹುದು. ಹೇಳುವವನು ನನ್ನ ತಮ್ಮ ಪಂಚಾಕ್ಷರಿಯಾದರೆ ಮಾತ್ರ, ನಗುವ ಮೊದಲು ಮೇನ್ ಸ್ವಿಚ್ ಆರಿಸಬೇಕು.

"ಬಾರಕ್ಕಾ, ನೋಡು! ಆಸೆಹೀರುಕ!"

ಕುಕ್ಕರಿನ ಮುಚ್ಚಳ, ಅದಕ್ಕೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ, ಕೊಳವೆಯ ತುದಿಗೆ ಉಪ್ಪಿನಕಾಯಿಯ ಗಾಜಿನ ಜಾಡಿ. ಎಲ್ಲವೂ ಸಿಲಿಂಡರ್ ಇಡುವ ಚಕ್ರದ ಸ್ಟ್ಯಾಂಡಿನ ಮೇಲೆ ಕೂತಿದ್ದವು.

"ಮುಚ್ಚಳ ಇಲ್ಲಿದೆಯಾ? ನಾನು ಎರಡು ದಿನದಿಂದ ಬೇಳೆನ ಪಾತ್ರೇಲಿ ಬೇಯಿಸ್ತಿದೀನಿ ಕಣ್ರೀ!" ಎಂದಳು ಅವನ ಹೆಂಡತಿ ದಾಕ್ಷಾಯಿಣಿ.

"ಇನ್ಮೇಲೆ ನಿಂಗೆ ಬೇಳೆನೇ ಬೇಕಾಗಲ್ಲ ಕಣೇ!"

ತುಮಕೂರಿನ ನಮ್ಮ ಬೀದಿಯಲ್ಲಿ ಅವರೆಕಾಲ ಬಂತೆಂದರೆ ಹೆಂಗಸರೆಲ್ಲ ದಾಕ್ಷಾಯಿಣಿಯ ಜಗುಲಿಯಲ್ಲಿ ಸೇರುತ್ತಾರೆ. ನೆನೆಸಿದ ಕಾಳಿನ ಬೇಸಿನ್ ನಡುವೆ ಇಟ್ಟುಕೊಂಡು ನೆಲದ ಮೇಲೆ ಸುತ್ತ ಕೂತು, ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುತ್ತಾರೆ. ಬೇಳೆ ಪಾತ್ರೆಗೆ, ಸುದ್ದಿ ಊರಿಗೆ. ಹಿಂದಿನ ವರ್ಷ ದಾಕ್ಷಾಯಿಣಿಯ ಮಂಡಿ ಮಡಚಲಿಲ್ಲ. ಪಾಪ, ಅವಳೊಬ್ಬಳೇ ಕುರ್ಚಿಯ ಮೇಲೆ ಕೂತಳು. ಕೆಳಗಿನವರ ಪಿಸುಮಾತು ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ಇವಳು "ಏನಂತೆ?" ಎಂದು ಕೇಳುತ್ತಿದ್ದಳು. ಎದುರುಮನೆಯ ಮುಮ್ತಾಜ್ ಮಾತ್ರ ಇಡೀ ಅವರೆಕಾಲ ಅವಳ ಕುರ್ಚಿಯ ಪಕ್ಕ ನಿಂತುಕೊಂಡೇ ಹಿತುಕಿದ್ದಳು. "ಸೊಂಟ ನೋವು, ಕೂರಕ್ಕಾಗಲ್ಲ," ಎನ್ನುತ್ತಿದ್ದಳು. ಮನೆಗೆ ಹೋಗುತ್ತಲೇ ಅವಳು ಬಗ್ಗಿ ಬಾವಿಯ ನೀರು ಸೇದುವುದು ನನ್ನ ಕಿಟಕಿಯಿಂದ ಕಾಣುತ್ತದೆ. ನಾನು ಯಾರಿಗೂ ಹೇಳಿಲ್ಲ.

ತೂಕ ಇಳಿದರೆ ಮಂಡಿ ಸುಧಾರಿಸುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ನಿಧಾನವಾಗಿ, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದೂ ಹೇಳಿದ್ದರು.

"ಅಷ್ಟೊತ್ತಿಗೆ ಅವರೆಕಾಲ ಮುಗಿದೇ ಹೋಗುತ್ತಲ್ಲ ಅತ್ತಿಗೆ," ಎಂದು ದಾಕ್ಷಾಯಿಣಿ ನನ್ನೆದುರು ಕಣ್ಣೊರೆಸಿಕೊಂಡದ್ದನ್ನು ಪಂಚಾಕ್ಷರಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದ. ಯಂತ್ರ ಹುಟ್ಟಿದ್ದು ಅಲ್ಲಿ.

"ನಿಂಗೆ ಅತೀ ಆಸೆ ಇರೋದನ್ನ ನೆನೆಸ್ಕೊ. ಯಂತ್ರ ಆ ಆಸೆನ ಹೀರ್ಕೊಳುತ್ತೆ. ಆಮೇಲೆ ನೀನು ಬೇಡಾ ಅಂದ್ರೂ ತೂಕ ಇಳಿಯುತ್ತೆ!"

ಅವಳು ಮುಚ್ಚಳವನ್ನು ತಲೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಗುರ್ರ್ ಎಂದಿತು ಯಂತ್ರ. ಜಾಡಿಯಲ್ಲಿ ಎಳೆಹಸಿರು ಹೊಗೆ ತುಂಬತೊಡಗಿತು. ಕೋಣೆಯೆಲ್ಲ ಸೊಗಡಿನ ಘಮಘಮ! ನಾನು ಕೆನ್ನೆ ಮುಟ್ಟಿ ನೋಡಿಕೊಂಡೆ.

"ಈಗ ದೋಸೆ ತಿಂತೀಯಾ?"

"ಬೇಡ," ಎಂದಳು ದಾಕ್ಷಾಯಿಣಿ.

"ಗೆದ್ದೆ ಕಣಕ್ಕಾ!" ಎಂದು ಪಂಚಾಕ್ಷರಿ ಕುಣಿದ. ಆ ದೋಸೆಯನ್ನೂ ಅವನೇ ತಿಂದ.

ಒಂದೇ ವಾರದಲ್ಲಿ ನಾಲ್ಕು ಕೆಜಿ ಇಳಿಯಿತು! ಪಂಚಾಕ್ಷರಿ ತಕ್ಕಡಿಗೆ ಹಾರ ಹಾಕಿದ. ಮಾರನೆಯ ಬೆಳಿಗ್ಗೆ ದಾಕ್ಷಾಯಿಣಿ ರಂಗೋಲಿ ಡಬ್ಬಿ ಹಿಡಿದುಕೊಂಡೇ ತಲೆ ತಿರುಗಿ ಹೊಸ್ತಿಲಲ್ಲಿ ಕುಸಿದಳು.

ಡಾಕ್ಟರ್ ಸುಮಿತ್ರಾ ಅವಳನ್ನು ಪರೀಕ್ಷಿಸಿ, ತಮ್ಮನ ಕಡೆ ತಿರುಗಿದರು. "ಪಂಚಾಕ್ಷರಿಯವರೇ, ಎಷ್ಟು ಬೇಗ ಇಳಿಸಬಹುದು ಅಂತ ನನ್ನನ್ನ ಕೇಳಿದ್ರಾ?"

"ಕೇಳಿದ್ರೆ ನಿಧಾನ ಅಂತಿದ್ರಿ ಡಾಕ್ಟ್ರೇ."

"ಅದಕ್ಕೇ ಕೇಳ್ಲಿಲ್ಲ! ವಾರಕ್ಕೆ ಅರ್ಧ ಕೆಜಿ, ಹೆಚ್ಚಂದ್ರೆ ಒಂದು. ಹಿಂಗೆ ಉಪವಾಸ ಕೆಡವಿದ್ರೆ ಕರಗೋದು ಬರೀ ಕೊಬ್ಬಲ್ಲ ರೀ, ಮಂಡಿಗೆ ಬಲ ಕೊಡೋ ಮಾಂಸಖಂಡಾನೂ! ಪಿತ್ತಕೋಶದಲ್ಲಿ ಕಲ್ಲಾಗುತ್ತೆ! ಹೊತ್ತೊತ್ತಿಗೆ ಊಟ ಕೊಡಿ. ಸ್ವಲ್ಪ ಕೊಡಿ, ಆದ್ರೆ ಕೊಡಿ!"

ಕೊಡಲು ನಾವು ಸಿದ್ಧ, ತಿನ್ನಲು ಅವಳು ಸಿದ್ಧವಿರಲಿಲ್ಲ. ಅದಕ್ಕಿಂತ ನಾನು ಹೆದರಿದ್ದು ಸಂಜೆ, ಜಗುಲಿಯಲ್ಲಿ ಹೆಂಗಸರು ಸೇರಿದಾಗ. ದಾಕ್ಷಾಯಿಣಿ ಒಳಗೆ ಕ್ಯಾಲೆಂಡರ್ ನೋಡುತ್ತಾ ಕೂತಿದ್ದಳು.

"ಹಿತುಕೋಕೆ ಬಾರೇ, ಎಲ್ಲಾ ಕಾಯ್ತಿದಾರೆ."

"ಯಾಕತ್ತಿಗೆ? ಅಲ್ಲಿ ಕೂತು ಏನಾಗಬೇಕು?"

ಆಗ ಹೊಳೆಯಿತು. ಅತೀ ಆಸೆ ಇರುವುದನ್ನು ನೆನೆಸಿಕೊಳ್ಳಲು ಹೇಳಿದಾಗ ಅವಳು ಊಟವನ್ನು ನೆನೆಸಿಕೊಂಡಿರಲಿಲ್ಲ! ಜಗುಲಿಯ ನೆಲದಲ್ಲಿ ಎಲ್ಲರ ಜೊತೆ ಕೂರುವುದನ್ನು ನೆನೆಸಿಕೊಂಡಿದ್ದಳು. ಯಂತ್ರ ಅದನ್ನೇ ಹೀರಿತ್ತು. ಅದರ ಹಿಂದೆಯೇ ಹಸಿವೂ ಹೋಗಿತ್ತು.

"ವಾಪಸ್ ಹಾಕೋ ಅದನ್ನ!" ಎಂದು ತಮ್ಮನನ್ನು ಗದರಿದೆ.

"ಅಷ್ಟೇ ತಾನೇ? ಮೋಟಾರ್ ಉಲ್ಟಾ ತಿರುಗಿಸ್ತೀನಿ."

"ಆ ಮುಚ್ಚಳದ ಗ್ಯಾಸ್ಕೆಟ್ಟು ಹಳೇದು ಕಣೋ!"

"ಅಕ್ಕಾ, ವಿಜ್ಞಾನದಲ್ಲಿ ಹಳೇದು ಹೊಸದು ಅನ್ನೋದೇ ಇಲ್ಲ."

ಢಂ! ದಾಕ್ಷಾಯಿಣಿಯ ತಲೆಗಿಟ್ಟ ಮುಚ್ಚಳ ಹಾರಿ ಸೂರಿಗೆ ಬಡಿಯಿತು. ಹಸಿರು ಹೊಗೆ ದಾಕ್ಷಾಯಿಣಿಯನ್ನು ಬಿಟ್ಟು ಕಿಟಕಿ ಹಾರಿ ಬೀದಿಗಿಳಿಯಿತು.

ಮೊದಲು ಬಂದವನು ಕರೆಂಟಿನ ಮೀಟರ್ ನೋಡುವವನು. ಚಪ್ಪಲಿ ಬಿಟ್ಟು, ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, "ಸ್ವಲ್ಪ ಜರುಗ್ರಮ್ಮಾ," ಎಂದು ಬೇಸಿನ್ನಿಗೆ ಕೈಯಿಟ್ಟ. ಅವನ ಹಿಂದೆ ಆಟೋದವನು ಬಂದ. ಆಟೋದೊಳಗಿದ್ದ ದಪ್ಪ ಮೀಸೆಯ ಸಾಹೇಬರು "ಬಸ್ಸು ತಪ್ಪುತ್ತಯ್ಯಾ!" ಎಂದು ಕೂಗುತ್ತಲೇ ಇಳಿದು, ಅಷ್ಟರಲ್ಲೇ ಮೂಗರಳಿಸಿ, ಪ್ಯಾಂಟು ಮೇಲೆಳೆದುಕೊಂಡು ಕೂತುಬಿಟ್ಟರು. "ನಮ್ಮಜ್ಜಿ ಹಿಂಗೇ... ಹೆಬ್ಬೆಟ್ಟಲ್ಲಿ..." ಎಂದು ಬಿಕ್ಕಿ ಬಿಕ್ಕಿ ಅತ್ತರು. ಮೀಟರಿನವನು ತನ್ನ ಕರವಸ್ತ್ರ ಕೊಟ್ಟ. ಸ್ವಲ್ಪ ಹೊತ್ತಿಗೆ ಜಗುಲಿ, ಮೆಟ್ಟಿಲು, ಮೋರಿಯ ಕಟ್ಟೆ, ಎಲ್ಲಿ ನೋಡಿದರೂ ಹಿತುಕುವವರೇ! ಬೀದಿಯಲ್ಲಿ ಅವರೆಗೆ ಬರ ಬಂತು. ಮನೆಮನೆಯಿಂದ ಕಾಳು ತರಿಸಿದರು.

ಇಡೀ ಊರು ಅವಳ ಆಸೆಯನ್ನು ಅನುಭವಿಸುತ್ತಿತ್ತು. ಅವಳೊಬ್ಬಳು ಒಳಗೆ ಕ್ಯಾಲೆಂಡರ್ ನೋಡುತ್ತಿದ್ದಳು. ಪಂಚಾಕ್ಷರಿ ಬರಿದಾದ ಜಾಡಿ ಹಿಡಿದು, "ಒಂದು ಚೂರೂ ಉಳಿದಿಲ್ಲ ಅಕ್ಕಾ," ಎಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲೇ ಇಲ್ಲ.

ಅಷ್ಟರಲ್ಲಿ ಮುಮ್ತಾಜ್ ತನ್ನ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಜನರನ್ನು ದಾಟಿಕೊಂಡು ಒಳಗೆ ಬಂದಳು.

"ಹೊರಗೆ ಜಾಗ ಇಲ್ಲ ದಾಕ್ಷಾಯಿಣಮ್ಮ. ನಂಗೆ ಸೊಂಟ ನೋವು ಬೇರೆ. ಇಲ್ಲೇ ಕೂತ್ಕೊಳ್ಲಾ?"

ಉತ್ತರಕ್ಕೆ ಕಾಯದೆ ಮಗ್ಗುಲಿಗೆ ಕುರ್ಚಿ ಹಾಕಿಕೊಂಡು, ದಾಕ್ಷಾಯಿಣಿಯ ಮಡಿಲಿಗೆ ಒಂದು ಬಟ್ಟಲು ನೆನೆದ ಕಾಳು ಇಟ್ಟಳು. ಆಮೇಲೆ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟಿದಳು. ಏನೆಂದು ನನಗೆ ಕೇಳಿಸಲಿಲ್ಲ. ಮೀಸೆಯ ಸಾಹೇಬರ ವಿಷಯವೇ ಇರಬೇಕು.

ದಾಕ್ಷಾಯಿಣಿಯ ಬೆರಳು ತಾನಾಗಿಯೇ ಒಂದು ಕಾಳನ್ನು ಹಿತುಕಿತು. ಬೇಳೆ ಪುಳಕ್ಕೆಂದು ಹಾರಿ ಪಂಚಾಕ್ಷರಿಯ ಹಣೆಗೆ ಬಡಿಯಿತು. ಅವಳು ಕಿಸಕ್ಕೆಂದಳು. ಬೆರಳನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು.

"ರೀ," ಎಂದಳು ಆಮೇಲೆ. "ಹೊಟ್ಟೆ ಹಸೀತಿದೆ."

ಗಾಳಿಯಲ್ಲಿದ್ದ ಹೊಗೆಯೇ ಹಿಂದಿರುಗಿತು ಎಂದು ನನ್ನ ತಮ್ಮ ಇಂದಿಗೂ ವಾದಿಸುತ್ತಾನೆ. ನಾನು ಎದುರಾಡುವುದಿಲ್ಲ.

ಕತ್ತಲಾಗುವ ಮೊದಲೇ ಜನ ನಾಚಿಕೊಂಡು ಚಪ್ಪಲಿ ಹುಡುಕಿಕೊಂಡರು. ಕೊಳವೆಯ ಮಡಿಕೆಯಲ್ಲಿ ಒಂದಿಷ್ಟು ಆಸೆ ಅಂಟಿಕೊಂಡಿತ್ತೆಂದು ಆಮೇಲೆ ತಿಳಿಯಿತು. ಅವರೆಯ ವಾಸನೆ ಬಂದರೆ ಸಾಕು, ಯಂತ್ರ ತಾನೇ ಚಕ್ರ ಉರುಳಿಸಿಕೊಂಡು ಜಗುಲಿಗೆ ಬಂದು, ಬೇಸಿನ್ನಿಗೆ ಕೊಳವೆಯ ಸೊಂಡಿಲಿಟ್ಟು, ಪುಳಕ್ ಪುಳಕ್ ಎಂದು ಸಿಪ್ಪೆ ಹೀರುತ್ತದೆ. ಅದರಿಂದ ಯಾವ ಅಪಾಯವೂ ಇಲ್ಲದೆ, ಕ್ಷಣದಲ್ಲಿ ತೂಕ ಇಳಿಸಿಕೊಂಡದ್ದು ನಮ್ಮ ಬೀದಿಯ ಅವರೆಕಾಳು ಮಾತ್ರ.

ದಾಕ್ಷಾಯಿಣಿ ಈಗ ಡಾಕ್ಟರು ಹೇಳಿದ ಲೆಕ್ಕದಲ್ಲೇ ಇಳಿಯುತ್ತಿದ್ದಾಳೆ. ಈ ಸಲ ನೆಲದ ಮೇಲೆ ಕೂರಲಾಗಲಿಲ್ಲ. "ಬರೋ ವರ್ಷ ಅತ್ತಿಗೆ," ಎನ್ನುತ್ತಾಳೆ, ಜಗುಲಿಯ ನೆಲವನ್ನು ನೋಡುತ್ತಾ. ಜಗುಲಿಯಲ್ಲಿ ಎರಡು ಕುರ್ಚಿಗಳು ಅಕ್ಕಪಕ್ಕ ಇವೆ. ಇನ್ನೊಂದನ್ನು ಮುಮ್ತಾಜ್ ವಾಪಸ್ ಒಯ್ಯಲಿಲ್ಲ.

ದಾಕ್ಷಾಯಿಣಿ ಹಸಿವೆಂದ ಆ ಸಂಜೆ ಪಂಚಾಕ್ಷರಿ ಯಂತ್ರದ ಮಾತೆತ್ತದೆ ಅಡಿಗೆಮನೆಗೆ ಹೋದ. ಮುಚ್ಚಳವನ್ನು ತೊಳೆದು ಕುಕ್ಕರಿಗೆ ಹಾಕಿದ. ತುಂಬ ಹೊತ್ತಿನ ಮೇಲೆ, ಸೊಟ್ಟಗೆ ಕಟ್ಟಿದ ಅರ್ಧ ಮುದ್ದೆ, ಅದರ ಸುತ್ತ ಹಿತುಕಿದ ಬೇಳೆಯ ಸಾರು ಹಾಕಿದ ತಟ್ಟೆಯನ್ನು ತಂದು ಹೆಂಡತಿಯ ಕೈಗಿಟ್ಟ.